ತೋಟದಾಚೆಯ ಮನೆಗಳಿಗೆ ನಮ್ಮನೆ ಇಂಟರ್ನೆಟ್ ತಲುಪಿಸೋದು ಹೇಗೆ?

ಕಾನ್ಮನೆ, ಹೊಸನಗರ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೇನೆ, ಓದಿ ಸಲಹೆ ಕೊಡಿ.

ನಮ್ಮೂರಲ್ಲಿ ಮನೆಗಳು ಒಂದೇ ಕಡೆ ಇಲ್ಲ, ತೋಟಕ್ಕೊಂದು ಮನೆ. ಕೇಬಲ್‌ನವರು ಕರೆಂಟ್ ಕಂಬದ ಮೇಲೆ ಫೈಬರ್ ಎಳ್ಕೊಂಡು ಬಂದು ನಮಗೆ 100 ಎಂಬಿಪಿಎಸ್ ಕನೆಕ್ಷನ್ ಕೊಟ್ಟಿದ್ದಾರೆ, ಚೆನ್ನಾಗಿದೆ. ಆದರೆ ಲೈನು ನಮ್ಮನೆಗೇ ನಿಂತಿದೆ. ಮುಂದಿರೋದು ಎರಡೇ ಮನೆ, ಅವುಗಳಿಗೆ ಕಂಬ ಹೋಗಿರೋದು ಕಾಡು ಸುತ್ತಿಕೊಂಡು ಬೇರೆ ದಾರೀಲಿ. ಎರಡು ಮನೆಗೋಸ್ಕರ ಅಷ್ಟು ದೂರ ಎಳೆಯೋದು ಗಿಟ್ಟಲ್ಲ ಅಂದರು.

ಕೆಳಗಿನ ಮನೆ ನಮ್ಮ ತೋಟ ದಾಟಿದರೆ ಸಿಗುತ್ತೆ, ನೇರ ಅಳತೆಯಲ್ಲಿ 400 ಮೀಟರ್ ಆಸುಪಾಸು. ಅಲ್ಲಿ ದ್ವಿತೀಯ ಪಿಯುಸಿ ಓದೋ ಹುಡುಗಿ ಇದ್ದಾಳೆ, ನೀಟ್ ಪರೀಕ್ಷೆಗೆ ತಯಾರಾಗ್ತಿದ್ದಾಳೆ. ಸಂಜೆ ನಮ್ಮ ಜಗಲಿ ಮೇಲೆ ಕೂತು ಪಾಠದ ವಿಡಿಯೋ ಎಲ್ಲ ಇಳಿಸ್ಕೊಂಡು ಹೋಗ್ತಾಳೆ. ಮಳೆಗಾಲದಲ್ಲಿ ಕತ್ತಲಲ್ಲಿ ಸಂಕ ದಾಟಿ ಹೋಗೋ ಮಗೂನ ನೋಡಿದರೆ ನಮಗೆ ಸಮಾಧಾನ ಇರಲ್ಲ. ಮೇಲಿನ ಮನೆ ಎದುರು ಗುಡ್ಡದ ಮೇಲಿದೆ, 600 ಮೀಟರ್ ಇರಬಹುದು. ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಲ್ಲಿ. ಮೊಬೈಲ್ ಸಿಗ್ನಲ್ ಯಾರ ಮನೆಯಲ್ಲೂ ಸಿಗಲ್ಲ, ಬ್ಯಾಂಕಿನ ಒಟಿಪಿ ಬರಬೇಕು ಅಂದ್ರೂ ದಿಬ್ಬ ಹತ್ತಬೇಕು.

ವೈರ್ ಇಲ್ಲದೆ ಎರಡೂ ಮನೆಗೆ ನಮ್ಮ ಇಂಟರ್ನೆಟ್ ಕೊಡೋಕಾಗುತ್ತಾ? ಯಾವ ಸಾಮಾನು ಬೇಕು? ಅವರು ತಿಂಗಳ ಬಿಲ್ಲಲ್ಲಿ ಪಾಲು ಕೊಡ್ತೇವೆ ಅಂತಿದ್ದಾರೆ, ತಗೊಂಡರೆ ತೊಂದರೆ ಇದೆಯಾ?

ಗುಡ್ಡದತುದಿ, ತೀರ್ಥಹಳ್ಳಿ

ಆಗುತ್ತೆ. ಆದರೆ ಎರಡೂ ಮನೆಗೆ ಒಂದೇ ಉತ್ತರ ಅಲ್ಲ ಅನ್ಸುತ್ತೆ.

ಸಾಮಾನು ಕೊಳ್ಳೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮನೆ ಮಾಡಿನ ಮೇಲೋ ಟ್ಯಾಂಕಿನ ಹತ್ರವೋ ಹತ್ತಿ ನಿಂತ್ಕೊಳ್ಳಿ. ಆ ಮನೆಯ ಹೆಂಚು ಕಣ್ಣಿಗೆ ಕಾಣುತ್ತಾ? ರಾತ್ರಿ ಅವರ ಮಾಡಿನ ಮೇಲಿಂದ ಒಬ್ಬರು ಟಾರ್ಚ್ ಬಿಡಲಿ, ನಿಮಗೆ ಅದರ ಬುಡ ನೇರವಾಗಿ ಕಾಣಬೇಕು. ಎಲೆ ಸಂದಿಯಲ್ಲಿ ಮಿಣುಕಿದರೆ ಕಂಡ ಹಾಗಲ್ಲ.

ನೇರ ನೋಟ ಇದ್ದರೆ 600 ಮೀಟರ್ ಏನೂ ಅಲ್ಲ. ಎರಡು ಔಟ್‌ಡೋರ್ ರೇಡಿಯೋ ಬೇಕು, ಅಂಗಡಿಯವರು ಸಿಪಿಇ ಅಂತಾರೆ. ಟಿಪಿ-ಲಿಂಕ್‌ನ ಸಿಪಿಇ 510, ಯುಬಿಕ್ವಿಟಿಯ ಲೈಟ್‌ಬೀಮ್, ಮೈಕ್ರೋಟಿಕ್‌ನ ಎಸ್‌ಎಕ್ಸ್‌ಟಿ, ಈ ಜಾತಿಯವು. ಒಂದು ನಿಮ್ಮ ಮಾಡಿಗೆ, ಒಂದು ಅವರ ಮಾಡಿಗೆ, ಎರಡೂ ಒಂದಕ್ಕೊಂದು ಮುಖ ಮಾಡಿರಬೇಕು. ಅವರ ರೇಡಿಯೋದಿಂದ ಒಂದು ಲ್ಯಾನ್ ಕೇಬಲ್ ಒಳಗೆ ತಂದು ಸಾದಾ ವೈಫೈ ರೂಟರ್‌ಗೆ ಹಾಕಿದರೆ ಮನೆಯೊಳಗೆ ವೈಫೈ ಆಯ್ತು.

ಆನ್‌ಲೈನಲ್ಲಿ ಸಿಗೋ ಬೂಸ್ಟರ್, ಎಕ್ಸ್‌ಟೆಂಡರ್ ಮಾತ್ರ ತಗೋಬೇಡಿ. ಅವು ಒಂದೇ ಮನೆಯ ಆ ಕೋಣೆಯಿಂದ ಈ ಕೋಣೆಗೆ. ನಮ್ಮ ಕಡೆಯ ದಪ್ಪ ಮಣ್ಣಿನ ಗೋಡೆಗೆ, ಅಂಗಳದ ಮೇಲಿನ ತಗಡಿನ ಶೀಟಿಗೆ ಅಷ್ಟು ಸಣ್ಣ ಸಿಗ್ನಲ್ ಅಲ್ಲೇ ಸಾಯುತ್ತೆ.

ಕಾನ್ಮನೆ

ಅಣ್ಣ, ಹತ್ತಿ ನೋಡಿದೆ. ಮೇಲಿನ ಮನೆ ಚೆನ್ನಾಗಿ ಕಾಣುತ್ತೆ, ನಡುವೆ ಗದ್ದೆ ಬಯಲು. ಕೆಳಗಿನ ಮನೆ ಕಡೆ ಕಾಣೋದು ಬರೀ ಅಡಕೆ ತಲೆ. ಮರದ ಬುಡದ ಮಟ್ಟದಲ್ಲಿ, ಸಾಲಿನ ನಡುವಿಂದ ಬಿಡಬಹುದಾ? ಮರದಿಂದ ಮರಕ್ಕೆ 9 ಅಡಿ ಜಾಗ ಇದೆಯಲ್ಲ.

ಗುಡ್ಡದತುದಿ

ಬುಡದಿಂದ ಬಿಡೋ ಯೋಚನೆ ಬಿಟ್ಬಿಡಿ. ನಿಮ್ಮ ತೋಟದಲ್ಲೂ ಅಡಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತೆ, ನಡುವೆ ಬಾಳೆ, ಏಲಕ್ಕಿ ಇರುತ್ತೆ. ರೇಡಿಯೋಗೆ ಅದೆಲ್ಲ ನೀರು ತುಂಬಿದ ಗೋಡೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಮಲೆನಾಡಲ್ಲಿ ದುಡ್ಡು ಹಾಳಾಗೋದು ಇದೊಂದನ್ನು ಲೆಕ್ಕಕ್ಕೆ ತಗೊಳ್ಳದೆ. ಸಿಗ್ನಲ್ಲು ಎರಡು ಆಂಟೆನಾ ನಡುವೆ ಬರೀ ಒಂದು ಗೆರೆಯಾಗಿ ಹೋಗಲ್ಲ. ಮೃದಂಗದ ಹಾಗೆ ನಡುವೆ ಉಬ್ಬಿಕೊಂಡು ಹೋಗುತ್ತೆ. ಅದಕ್ಕೆ ಫ್ರೆನೆಲ್ ಝೋನ್ ಅಂತಾರೆ. 5.8 ಗಿಗಾಹರ್ಟ್ಸ್‌ನಲ್ಲಿ (ಈ ರೇಡಿಯೋಗಳು ಬಳಸೋ ತರಂಗ) 600 ಮೀಟರ್ ದೂರಕ್ಕೆ ನಟ್ಟನಡುವೆ ಅದರ ತ್ರಿಜ್ಯ 2.8 ಮೀಟರ್. ಅದರಲ್ಲಿ ಕಡೇಪಕ್ಷ ನೂರಕ್ಕೆ 60 ಭಾಗ ಖಾಲಿ ಇರಬೇಕು. ಅಂದರೆ ನಿಮ್ಮ ನೋಟದ ಗೆರೆಯ ಸುತ್ತ 1.7 ಮೀಟರ್ ಒಳಗೆ ಟೊಂಗೆ, ತಂತಿ, ಮಾಡಿನ ಅಂಚು ಯಾವುದೂ ಬರಬಾರದು. ಕಣ್ಣಿಗೆ ಕಾಣುತ್ತೆ, ಆದರೂ ಲಿಂಕ್ ನಿಲ್ತಿಲ್ಲ ಅನ್ನೋರ ಮನೆಯಲ್ಲಿ ನೋಡಿದರೆ ಗೆರೆಯ ಕೆಳಗೆ ಒಂದು ಹಲಸಿನ ಮರ ಇದ್ದೇ ಇರುತ್ತೆ.

ಈಗ ಎಲೆ ಲೆಕ್ಕ. ಖಾಲಿ ಗಾಳಿಯಲ್ಲಿ 600 ಮೀಟರ್ ದಾಟೋಕೆ 5.8 ಗಿಗಾಹರ್ಟ್ಸ್ ಸಿಗ್ನಲ್ 103 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಕಳ್ಕೊಳ್ಳುತ್ತೆ. ರೇಡಿಯೋ 20 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಬಿಡುತ್ತೆ, ಎರಡೂ ಕಡೆ ಆಂಟೆನಾ 13 ಡಿಬಿಐ (ಆಂಟೆನಾ ಕೂಡಿಸೋ ಬಲ) ಇದೆ ಅಂದ್ಕೊಳ್ಳಿ. ಆ ಕಡೆ ಮೈನಸ್ 57 ಡಿಬಿಎಂ ಸಿಗುತ್ತೆ, ಧಾರಾಳ ಆಯ್ತು (ಸೊನ್ನೆಗೆ ಹತ್ತಿರ ಆದಷ್ಟೂ ಸಿಗ್ನಲ್ ಜೋರು). ಇದೇ ದಾರಿಯಲ್ಲಿ 50 ಮೀಟರ್ ದಟ್ಟ ಮರ ಅಡ್ಡ ಬಂದರೆ ಇನ್ನೂ ಸುಮಾರು 22 ಡಿಬಿ ಹೋಯ್ತು. 20 ಡಿಬಿ ಅಂದರೇನೇ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿದ ಹಾಗೆ. 2.4 ಗಿಗಾಹರ್ಟ್ಸ್ ಆದರೆ 17 ಡಿಬಿ ಹೋಗುತ್ತೆ, ಸ್ವಲ್ಪ ವಾಸಿ, ಅಷ್ಟೇ. ನಿಮ್ಮ ಕೆಳಗಿನ ಮನೆಗೆ 50 ಮೀಟರ್ ಅಲ್ಲ, ಇಡೀ ತೋಟವೇ ಅಡ್ಡ ಇದೆ.

ಇನ್ನೊಂದು ವಿಷಯ. ಮಳೆಗೆ ವೈರ್‌ಲೆಸ್ ನಿಲ್ಲಲ್ಲ ಅಂತ ಎಲ್ಲರೂ ಹೇಳ್ತಾರೆ. ಮಳೆ ಹನಿ 5 ಗಿಗಾಹರ್ಟ್ಸ್‌ಗೆ ಅಷ್ಟೇನೂ ಮಾಡಲ್ಲ. ಆಗುಂಬೆ ಮಳೆ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿದರೂ ಕಿಲೋಮೀಟರಿಗೆ 1 ಡಿಬಿ ಆಸುಪಾಸು. ಕೆಡಿಸೋದು ಒದ್ದೆ ಎಲೆ. ಬೇಸಿಗೆಯಲ್ಲಿ ಎಲೆ ಸಂದಿಯಿಂದ ಹೇಗೋ ನಡೀತಿದ್ದ ಲಿಂಕು ಆರಿದ್ರಾ ಮಳೆ ಹಿಡಿದ ವಾರಕ್ಕೆ ಕೈ ಕೊಡುತ್ತೆ. ಹಾಗಾಗಿ ಮೇ ತಿಂಗಳಲ್ಲಿ ಟೆಸ್ಟ್ ಮಾಡಿ ಖುಷಿಪಡಬೇಡಿ.

ವಿನೋಬನಗರ, ಶಿವಮೊಗ್ಗ

ಪೇಟೆ ಅನುಭವ ಹೇಳ್ತೇನೆ. ನಮ್ಮ ಬಾಡಿಗೆ ಮನೆ ಕಟ್ಟಡದಲ್ಲಿ ಕೆಳಗಿನ ಮನೆಯವರ ಜೊತೆ ಹಂಚಿಕೊಂಡಿದ್ದೇವೆ. ಇಲ್ಲಿ ದೂರದ ಸಮಸ್ಯೆ ಇಲ್ಲ, ಗದ್ದಲದ ಸಮಸ್ಯೆ. ಫೋನಲ್ಲಿ ನೋಡಿದರೆ ಅಕ್ಕಪಕ್ಕದ ಹತ್ತಾರು ವೈಫೈ ಹೆಸರು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದೇ ಮೂರು: 1, 6, 11. ಅದಕ್ಕೆ ನಾವು 5 ಗಿಗಾಹರ್ಟ್ಸ್ ಬಳಸ್ತೇವೆ, ಗೋಡೆ ದಾಟೋ ಶಕ್ತಿ ಕಡಿಮೆಯಾದ್ದರಿಂದ ಪಕ್ಕದವರ ಕಾಟವೂ ಕಡಿಮೆ. ಅವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ಕೊಟ್ಟಿದ್ದೇನೆ, ನಮ್ಮ ಪ್ರಿಂಟರ್, ಟಿವಿ ಅವರಿಗೆ ಕಾಣಲ್ಲ. ಪಾಸ್‌ವರ್ಡ್ ಕೊಟ್ಟು ಬಿಟ್ಟರೆ ಆಯ್ತು ಅನ್ನೋರು ಇಷ್ಟನ್ನಾದರೂ ಮಾಡಿ.

ಕೋರ್ಟ್ ರಸ್ತೆ, ಶಿವಮೊಗ್ಗ

ವಕೀಲಿ ವೃತ್ತಿಯವನಾಗಿ ಕಾನೂನಿನ ಭಾಗ ಬರೆಯುತ್ತೇನೆ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ, ಒಂದರೊಳಗೊಂದು ಕಲಸಬಾರದು.

ತರಂಗ ಬಳಸುವುದಕ್ಕೆ ಅನುಮತಿ ಬೇಕೇ? ಬೇಡ. 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯನ್ನು (ಬ್ಯಾಂಡ್) ಕೇಂದ್ರ ಸರ್ಕಾರ 2005ರಲ್ಲೇ ಲೈಸೆನ್ಸ್‌ನಿಂದ ಮುಕ್ತಗೊಳಿಸಿದೆ. 5 ಗಿಗಾಹರ್ಟ್ಸ್ ಪಟ್ಟಿಯನ್ನು ಹೊರಾಂಗಣ ಬಳಕೆಗೂ ಸೇರಿಸಿ 2018ರ ಅಕ್ಟೋಬರ್‌ನಲ್ಲಿ ವಿಸ್ತರಿಸಿತು, 5.8 ಗಿಗಾಹರ್ಟ್ಸ್ ಭಾಗವೂ ಅದರಲ್ಲಿ ಬರುತ್ತದೆ. ಶಕ್ತಿಗೆ ಮಿತಿ ಇದೆ, ಸಾಧನಕ್ಕೆ ಇಲ್ಲಿನ ಟೈಪ್ ಅಪ್ರೂವಲ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆ) ಇರಬೇಕು. ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಸೆಟ್ಟಿಂಗ್‌ನಲ್ಲಿ ದೇಶ ಭಾರತ ಎಂದೇ ಇರಲಿ.

ಎರಡನೆಯದು ಒಪ್ಪಂದ. ಮನೆ ಕನೆಕ್ಷನ್ ಎಂದರೆ ಸಾಮಾನ್ಯವಾಗಿ ಆ ಮನೆಯವರ ಸ್ವಂತ ಬಳಕೆಗೆ. ಮರುಮಾರಾಟ ಮಾಡಬಾರದು ಎಂಬ ಷರತ್ತು ಬಹುತೇಕ ಅರ್ಜಿಗಳಲ್ಲಿ ಇರುತ್ತದೆ. ಹಣ ಪಡೆದು ಬೇರೆಯವರಿಗೆ ಇಂಟರ್ನೆಟ್ ಸೇವೆ ಕೊಡುವುದಕ್ಕೆ ಸರ್ಕಾರದ ಅನುಮತಿ ಬೇಕು. ಹಿಂದೆ 1885ರ ಟೆಲಿಗ್ರಾಫ್ ಕಾಯ್ದೆ ಇತ್ತು, ಅದರ ಜಾಗಕ್ಕೆ ತಂದದ್ದು 2023ರ ದೂರಸಂಪರ್ಕ ಕಾಯ್ದೆ. ನೆರೆಯವರ ಮಗಳು ನಿಮ್ಮ ಜಗಲಿಯಲ್ಲಿ ಕೂತು ಓದಿದರೆ ಯಾರೂ ಕೇಳುವುದಿಲ್ಲ. ಪ್ರತಿ ತಿಂಗಳು ಪಾಲು ವಸೂಲಿ ಶುರುವಾದರೆ ಅದು ಮಾರಾಟದಂತೆ ಕಾಣಲು ಆರಂಭವಾಗುತ್ತದೆ. ಪಾಲು ತೆಗೆದುಕೊಳ್ಳಬೇಡಿ ಎಂದೇ ನನ್ನ ಸಲಹೆ. ಹಂಚುವ ಮುನ್ನ ಆಪರೇಟರ್‌ನಿಂದ ಒಂದು ಒಪ್ಪಿಗೆ ಪತ್ರ ಪಡೆಯಿರಿ.

ಮೂರನೆಯದೇ ಮುಖ್ಯ. ಹೊರಗಿನ ಜಗತ್ತಿಗೆ ಕಾಣುವುದು ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಕನೆಕ್ಷನ್‌ನ ಗುರುತಿನ ಸಂಖ್ಯೆ ಮಾತ್ರ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮುನ್ನ ಬೆದರಿಕೆಯ ಇಮೇಲ್ ಹೋಗಿತ್ತು. ಪೊಲೀಸರು ಐಪಿ ಹಿಡಿದು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಆ ಮನೆಯ ವೈಫೈಯನ್ನು ಹೊರಗಿನವರು ಬಳಸಿದ್ದರು. ನಿಮ್ಮ ನೆರೆಯವರು ಒಳ್ಳೆಯವರೇ ಇರಬಹುದು. ಅವರ ಮನೆಗೆ ಬಂದ ನೆಂಟರ ಫೋನು, ಅದರೊಳಗಿನ ಮಾಲ್‌ವೇರ್ ಇವು ನಿಮ್ಮ ಕೈಯಲ್ಲಿಲ್ಲ. ವಿಚಾರಣೆಗೆ ಮೊದಲು ಕರೆಯುವುದು ಖಾತೆದಾರರನ್ನೇ.

ಹಿನ್ನೀರು, ಸಾಗರ ತಾಲೂಕು

ವಕೀಲರು ಹೇಳಿದ್ದು ಸರಿ. ಆದರೆ ಹುಡುಗಿಯ ಓದು ಗೋವಿಂದ ಆಗಬಾರದು ನೋಡಿ. ಶರಾವತಿ ಹಿನ್ನೀರಿನ ಈಚೆ ದಡದವರು ನಾವು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ನಾಡಿಗೆಲ್ಲ ಕರೆಂಟ್ ಕೊಟ್ಟರು, ನಮಗೆ ಸೇತುವೆ ಬಂದಿದ್ದು 2025ರಲ್ಲಿ. ನೆಟ್‌ವರ್ಕ್‌ಗೂ ಅಷ್ಟು ಕಾಯೋಕಾಗಲ್ಲ. 2020ರ ಲಾಕ್‌ಡೌನಲ್ಲಿ ಮಕ್ಕಳು ಕೊಡೆ ಹಿಡ್ಕೊಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನ ಈ ತಾಲೂಕುಗಳಲ್ಲಿ ಯಾರೂ ಮರೆತಿಲ್ಲ. ಇದ್ದವರು ಇಲ್ಲದವರಿಗೆ ಕೊಡೋದು ತಪ್ಪು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಕಾನೂನಿನ ಒಳಗೇ ದಾರಿ ಇದೆಯಲ್ಲ, ಪಿಎಂ-ವಾಣಿ? ಅದರ ಬಗ್ಗೆ ಗೊತ್ತಿರೋರು ಹೇಳಿ.

ಕೋರ್ಟ್ ರಸ್ತೆ, ಶಿವಮೊಗ್ಗ

ಹೆದರಿಸಲು ಬರೆದದ್ದಲ್ಲ. ಕೊಡುವವರು ಸಿಕ್ಕಿಹಾಕಿಕೊಳ್ಳಬಾರದು ಎಂದು ಬರೆದದ್ದು.

ಪಿಎಂ-ವಾಣಿ ಒಳ್ಳೆಯ ದಾರಿ. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಯೋಜನೆ. ಕಿರಾಣಿ ಅಂಗಡಿ, ಹೋಟೆಲ್, ಸೊಸೈಟಿ ಹೀಗೆ ಯಾರು ಬೇಕಾದರೂ ಪಬ್ಲಿಕ್ ಡೇಟಾ ಆಫೀಸ್ (ಪಿಡಿಒ) ಆಗಿ ವೈಫೈ ಮಾರಬಹುದು, ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿಯೂ ಬೇಡ. ಅವರ ಮೇಲೆ ಅಗ್ರಿಗೇಟರ್ ಎಂಬ ಕಂಪನಿ ಇರುತ್ತದೆ, ನೋಂದಣಿ, ಬಳಕೆದಾರರ ಗುರುತು, ಲೆಕ್ಕ ಎಲ್ಲ ಅದರ ಜವಾಬ್ದಾರಿ. ಬಳಸುವವರು ಆ್ಯಪ್‌ನಲ್ಲಿ ತಮ್ಮ ನಂಬರಿನಿಂದ ಬರುತ್ತಾರೆ, ಆದ್ದರಿಂದ ಐಪಿ ಪ್ರಶ್ನೆಗೆ ಉತ್ತರ ಸಿಗುತ್ತದೆ. ಈ ಪಿಡಿಒಗಳಿಂದ ಇಂಟರ್ನೆಟ್ ಕಂಪನಿಗಳು ದುಬಾರಿ ದರ ಕೇಳುತ್ತವೆ ಎಂಬ ದೂರಿತ್ತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಆದೇಶ ಮಾಡಿತು: 200 ಎಂಬಿಪಿಎಸ್‌ವರೆಗಿನ ಮನೆ ಪ್ಲಾನ್‌ಗಳನ್ನು ಪಿಡಿಒಗೆ ಕೊಡುವಾಗ ಮನೆಯವರ ದರದ ಎರಡು ಪಟ್ಟು ಮೀರಬಾರದು.

ಆದರೆ ಇದು ಬಸ್ ಸ್ಟ್ಯಾಂಡ್, ಡೈರಿ, ಸೊಸೈಟಿಯಂತಹ ಕಡೆಗೆ ಹೊಂದುತ್ತದೆ. ಎರಡು ಮನೆಗೆ ಇಷ್ಟು ವ್ಯವಸ್ಥೆ ಹೆಚ್ಚಾಯಿತು.

ಜೋಡುಕಂಬ, ಸಾಗರ

ನಾನು ಕೇಬಲ್ ಆಪರೇಟರ್. ನಮ್ಮ ಕಡೆಯ ಕಷ್ಟನೂ ಹೇಳ್ತೇನೆ. ಒಂದು ಕಿಲೋಮೀಟರ್ ಲೈನ್ ಎಳೆದರೆ ಎರಡು ಮನೆ ಸಿಗುತ್ತೆ, ಮಳೆಗಾಲದಲ್ಲಿ ಅದೇ ಲೈನ್ ಮೇಲೆ ಮರ ಬೀಳುತ್ತೆ, ಮತ್ತೆ ಮತ್ತೆ ಜೋಡಿಸಬೇಕು. ಅದಕ್ಕೆ ಹಿಂದೆ ಸರೀತೇವೆ. ಮನಸ್ಸಿಲ್ಲದೆ ಅಲ್ಲ.

ಕಾನ್ಮನೆಯವರೇ, ಕೆಳಗಿನ ಮನೆಗೆ ವೈರ್‌ಲೆಸ್ ಮರೆತುಬಿಡಿ. ನಡುವೆ ಇರೋದು ನಿಮ್ಮದೇ ತೋಟ, ಅವರದೇ ತೋಟ. ಯಾರ ಪರ್ಮಿಷನ್ನೂ ಬೇಡ. ತೋಟದೊಳಗೆ ನೀವೇ ಫೈಬರ್ ಎಳೀರಿ. ಡ್ರಾಪ್ ಕೇಬಲ್ ಅಂತ ಸಿಗುತ್ತೆ, ಅಗ್ಗ. ಒಳಗೆ ಗಾಜಿನ ಎಳೆ, ಎರಡು ಪಕ್ಕ ಗಟ್ಟಿ ಕಡ್ಡಿ. ಆಮೇಲೆ ನಿಮ್ಮ ಆಪರೇಟರ್‌ಗೆ ಹೇಳಿ: ಕೇಬಲ್ ನಾವು ಹಾಕಿದ್ದೇವೆ, ನಮ್ಮನೆ ಹತ್ರ ಒಂದು ಸ್ಪ್ಲಿಟರ್ (ಒಂದು ಫೈಬರ್ ಲೈನನ್ನ ಕವಲು ಮಾಡೋ ಸಾಮಾನು) ಹಾಕಿ ಅವರ ಹೆಸರಿಗೆ ಬೇರೆ ಕನೆಕ್ಷನ್ ಕೊಡಿ ಅಂತ. ನೂರಕ್ಕೆ ತೊಂಬತ್ತು ಜನ ಒಪ್ತಾರೆ, ಯಾಕಂದ್ರೆ ಅವರಿಗೆ ಖರ್ಚಿಲ್ಲದೆ ಒಬ್ಬ ಗಿರಾಕಿ ಬಂದ. ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಖಾತೆ ಅವರದ್ದು, ಬಿಲ್ ಅವರದ್ದು. ವಕೀಲರು ಹೇಳಿದ ಮೂರನೇ ತಲೆನೋವು ಪೂರ್ತಿ ಹೋಯ್ತು.

ಮೇಲೆ ನೇತು ಹಾಕಬೇಡಿ. ಸೋಗೆ ಬಿದ್ದರೆ ತುಂಡಾಗುತ್ತೆ, ಮಂಗ ಜೋತಾಡುತ್ತೆ, ಅಡಕೆ ಕೊನೆ ಕೊಯ್ಯುವಾಗ ಗೊನೆ ಇಳಿಸೋ ಹಗ್ಗಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ. ನೆಲದೊಳಗೆ ಹಾಕಿ. ತೋಟದ ಮನೆಗಳಲ್ಲಿ ಹಳೇ ಎಚ್‌ಡಿಪಿಇ ಪೈಪ್ ಮೂಲೆಯಲ್ಲಿ ಬಿದ್ದಿರುತ್ತಲ್ಲ, ಅದರ ತುಂಡುಗಳನ್ನ ಕೇಬಲ್‌ಗೆ ಪೋಣಿಸ್ತಾ ಹೋಗಿ. ಕಾದಿಗೆಯ (ತೋಟದ ನೀರು ಹರಿಯೋ ಕಾಲುವೆ) ಒಳಗೆ ಬೇಡ, ದಂಡೆ ಪಕ್ಕ ಒಂದೂವರೆ ಅಡಿ ಆಳ ತೆಗೆದು ಮುಚ್ಚಿ. ಮರದ ಬುಡಕ್ಕೆ ಗೊಬ್ಬರ ಹಾಕೋಕೆ ಅಗೆಯೋ ಜಾಗದಿಂದ ದೂರ ಇರಲಿ. ಹಾದು ಹೋದ ದಾರಿಗೆ ಅಲ್ಲಲ್ಲಿ ಕಲ್ಲು ನೆಟ್ಟು ಗುರುತು ಮಾಡಿ, ಕಳೆ ಹೊಡೆಯೋರಿಗೆ, ಗುದ್ದಲಿ ಕೆಲಸದವರಿಗೆ ತೋರಿಸಿ.

ಹಿನ್ನೀರು, ಸಾಗರ ತಾಲೂಕು

ಇದು ಮಾತು ಅಂದ್ರೆ! ಆಪರೇಟರ್‌ಗಳು ಇದನ್ನ ಮೊದಲೇ ಹೇಳಿದ್ದರೆ ಎಷ್ಟು ಮನೆಗೆ ಲೈನ್ ಬಂದಿರ್ತಿತ್ತು.

ಸೀತೂರು ಸೊಸೆ, ಮನೆಯಿಂದಲೇ ಕೆಲಸ

ಮೇಲಿನ ಮನೆಗೆ ವೈರ್‌ಲೆಸ್ ಹಾಕಿದಾಗ ನಿಮ್ಮ ಮನೆಯ ಇಂಟರ್ನೆಟ್ ನಿಧಾನ ಆಗುತ್ತಾ ಅನ್ನೋ ಭಯ ಬೇಡ. 100 ಎಂಬಿಪಿಎಸ್ ಎರಡು ಮನೆಗೆ ಬೇಕಾದಷ್ಟು. ಒಂದು ವಿಡಿಯೋ ಕಾಲ್‌ಗೆ ಹೆಚ್ಚೆಂದರೆ 2ರಿಂದ 4 ಎಂಬಿಪಿಎಸ್. ಅನೇಕ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಇರುತ್ತೆ, ಅದನ್ನ ಎರಡು ಮನೆಯವರು ಸೇರಿದರೂ ಮುಗಿಸೋದು ಕಷ್ಟ. ಕಷ್ಟ ಬರೋದು ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡ್ತಿರುವಾಗ ಇನ್ನೊಬ್ಬರ ಕಾಲ್ ಕಡಿಕಡಿದು ಬರೋದ್ರಲ್ಲಿ. ನಾನು ದಿನವಿಡೀ ಮೀಟಿಂಗಲ್ಲಿ ಇರೋಳು, ಅದರ ಸಂಕಟ ಗೊತ್ತು. ರೂಟರಲ್ಲಿ ಕ್ಯೂಒಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಂತ ಇರುತ್ತೆ, ಆ ಮನೆಗೆ 20 ಅಥವಾ 30 ಎಂಬಿಪಿಎಸ್ ಮಿತಿ ಹಾಕಿ, ಇಬ್ಬರಿಗೂ ನೆಮ್ಮದಿ. ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಹಾಕಿದ ರೂಟರ್ ಆದರೆ ಎಸ್‌ಕ್ಯುಎಂ ಅನ್ನೋದು ಇದನ್ನ ಇನ್ನೂ ಚೆನ್ನಾಗಿ ಮಾಡುತ್ತೆ.

ಒಟಿಪಿ ವಿಷಯ ಬಂತಲ್ಲ. ಅವರ ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ಕೊಡಿ. ಫೋನು, ಸಿಮ್ ಎರಡೂ ಒಪ್ಪಿದರೆ ಟವರ್ ಸಿಗ್ನಲ್ ಇಲ್ಲದೆಯೂ ಅದೇ ನಂಬರಿಗೆ ಮಾಮೂಲಿ ಕಾಲ್ ಬರುತ್ತೆ, ಎಸ್‌ಎಂಎಸ್ಸೂ ಬರುತ್ತೆ. ನಮ್ಮ ಅತ್ತೆ ಮಾವನಿಗೆ ಇಂಟರ್ನೆಟ್ ಅಂದರೆ ಇದೇ. ಮೊಮ್ಮಗನ ಫೋನ್ ಬಂದರೆ ಕೊಡೆ ತಗೊಂಡು ಅಂಗಳದ ತುದಿಗೆ ಓಡೋದು ನಿಂತಿದೆ.

ಇನ್ನೊಂದು ಮನಸ್ಸಿನ ಮಾತು. ಅವರ ಬಳಕೆ ನಿಮ್ಮ ರೂಟರ್ ಮೂಲಕ ಹೋಗುತ್ತೆ. ಈಗ ಹೆಚ್ಚಿನ ಸೈಟ್‌ಗಳು ಎಚ್‌ಟಿಟಿಪಿಎಸ್ (ಗುಪ್ತಲಿಪಿಯಲ್ಲಿ ಕಳಿಸೋ ವಿಧಾನ), ಹಾಗಾಗಿ ಒಳಗಿನ ವಿಷಯ ನಿಮಗೆ ಕಾಣಲ್ಲ. ಆದರೆ ಯಾವ ಸೈಟಿಗೆ ಹೋದರು ಅನ್ನೋದು ಬೇಕು ಅಂದರೆ ಕಾಣಬಹುದು. ನೋಡೋಕೆ ಹೋಗಬೇಡಿ. ಕೊಟ್ಟ ಮೇಲೆ ಎಷ್ಟೊತ್ತು ನೋಡಿದರು, ಏನು ನೋಡಿದರು ಅಂತ ಮಾತಿನ ಮಧ್ಯೆನೂ ತರಬಾರದು. ಹಳ್ಳಿಯಲ್ಲಿ ನೆರೆಹೊರೆ ಕೆಡೋಕೆ ಅಷ್ಟು ಸಾಕು.

ಮೇನ್‌ಸ್ವಿಚ್, ಕೊಪ್ಪ

ವೈರಿಂಗ್ ಕೆಲಸ ಮಾಡೋನು. ಸಿಡಿಲಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ಅದು ಬಿಟ್ಟರೆ ಉಳಿದಿದ್ದೆಲ್ಲ ಒಂದೇ ಸಂಜೆಗೆ ಸುಟ್ಟು ಹೋಗುತ್ತೆ.

ಅಶ್ವಿನಿ, ಭರಣಿ ಮಳೆ ಹೊತ್ತಿಗೆ, ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಜೋರು. ಮಾಡಿನ ಮೇಲಿನ ರೇಡಿಯೋದಿಂದ ಕೆಳಗೆ ಬರೋ ಲ್ಯಾನ್ ಕೇಬಲ್ ತಾಮ್ರ. ನೇರ ಬಡಿಯೋದೇ ಬೇಡ, ಹತ್ತಿರದ ತೆಂಗಿಗೆ ಬಡಿದರೂ ಆ ತಾಮ್ರದಲ್ಲಿ ಬರೋ ಏಟಿಗೆ ರೇಡಿಯೋ, ರೂಟರ್, ಫೈಬರ್ ಬಾಕ್ಸ್ ಮೂರೂ ಹೋಗುತ್ತೆ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರಲ್ಲ. ಆದರೆ ಡ್ರಾಪ್ ಕೇಬಲ್ ಕೊಳ್ಳುವಾಗ ಕಡ್ಡಿ ಸ್ಟೀಲ್ ಇದ್ದದ್ದು ಬೇಡ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಇದ್ದದ್ದು ಕೇಳಿ. ಸ್ಟೀಲ್ ಕಡ್ಡಿ ಸಿಡಿಲನ್ನ ಮನೆಯೊಳಗೆ ಕರ್ಕೊಂಡು ಬರುತ್ತೆ.

ಲ್ಯಾನ್ ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದಕ್ಕೆ ಅರ್ಥಿಂಗ್ ಸರಿಯಾಗಿ ಇರಬೇಕು. ಅರ್ಥ್ ಇಲ್ಲದೆ ಅದು ಇದ್ದೂ ಇಲ್ಲದ ಹಾಗೆ. ರೇಡಿಯೋ ಹಾಕೋ ಜಿಐ ಪೈಪಿಗೂ ಅರ್ಥ್ ಕೊಡಿ. ಮೋಡ ಕಟ್ಟಿದಾಗ ಪ್ಲಗ್ ತೆಗೆಯೋದು ಎಲ್ಲರಿಗೂ ಗೊತ್ತು, ಲ್ಯಾನ್ ಕೇಬಲ್ಲೂ ತೆಗೀಬೇಕು ಅನ್ನೋದು ಮರೀತಾರೆ. ಮೇಲಿನ ಮನೆಯ ಅಜ್ಜ ಅಜ್ಜಿಗೆ ಯಾವುದನ್ನ ಕೀಳಬೇಕು ಅಂತ ಒಂದು ಕೆಂಪು ಟೇಪ್ ಸುತ್ತಿ ತೋರಿಸಿ ಕೊಡಿ. ಹೊರಗಿನ ಕೇಬಲ್ ಔಟ್‌ಡೋರ್ ಜಾತಿಯದ್ದು, ಶುದ್ಧ ತಾಮ್ರದ್ದು ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಬರುತ್ತೆ, ನಮ್ಮ ಮಳೆಗೆ ತಡೆಯಲ್ಲ. ಗೋಡೆ ತೂತಿನ ಹತ್ರ ಕೇಬಲನ್ನ ಕೆಳಕ್ಕೆ ಬಾಗಿಸಿ ಆಮೇಲೆ ಒಳಗೆ ತಗೊಳ್ಳಿ, ನೀರು ಹನಿದು ಹೊರಗೇ ಬೀಳುತ್ತೆ.

ಕರೆಂಟ್ ಹೋದಾಗ: ನಿಮ್ಮ ಫೈಬರ್ ಬಾಕ್ಸ್, ರೂಟರ್ ಹೆಚ್ಚಾಗಿ 12 ವೋಲ್ಟು, ಮಾಡಿನ ರೇಡಿಯೋ ಹೆಚ್ಚಾಗಿ 24 ವೋಲ್ಟ್ ಪಿಒಇ (ಲ್ಯಾನ್ ಕೇಬಲಲ್ಲೇ ಹೋಗೋ ಕರೆಂಟ್). ಸಣ್ಣ ರೂಟರ್ ಯುಪಿಎಸ್ ಕೊಳ್ಳುವಾಗ ಎರಡೂ ಔಟ್‌ಪುಟ್ ಇರೋದನ್ನ ತಗೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಯೋಚನೆನೇ ಇಲ್ಲ, ಇವೆಲ್ಲ ಸೇರಿ ಒಂದು ಸಣ್ಣ ಬಲ್ಬ್‌ನಷ್ಟು ಎಳೆಯುತ್ತೆ. ನೆನಪಿರಲಿ, ನಿಮ್ಮನೆಯ ಕರೆಂಟ್ ಹೋದರೆ ಮೇಲಿನ ಮನೆಯ ಇಂಟರ್ನೆಟ್ಟೂ ಹೋಯ್ತು.

ಮಂಡಗದ್ದೆ ಮೇಷ್ಟ್ರು

ಈ ಚರ್ಚೆ ಓದಿ ಬಹಳ ಸಂತೋಷವಾಯಿತು. ಎರಡು ಮನೆಯ ವಿಷಯ ಮುಗಿದ ಮೇಲೆ ಊರಿನ ವಿಷಯಕ್ಕೂ ಬನ್ನಿ. ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಕಂಪನಿಗಳು ಬಾರದ ಹಳ್ಳಿಯವರು 2004ರಲ್ಲಿ ಗುಯಿಫಿ ಎಂಬ ನೆಟ್‌ವರ್ಕ್ ಶುರು ಮಾಡಿದರು. ಮಾಡಿನಿಂದ ಮಾಡಿಗೆ ಹೀಗೇ ರೇಡಿಯೋ ಜೋಡಿಸುತ್ತಾ ಹೋಗಿ ಈಗ ಸಾವಿರಾರು ಮನೆಗಳು ಅದರಲ್ಲಿವೆ, ಅದರ ಒಡೆತನ ಬಳಸುವವರದ್ದೇ. ನಮ್ಮ ದೇಶದಲ್ಲೇ ಹಿಮಾಚಲದ ಧರ್ಮಶಾಲಾದಲ್ಲಿ ಏರ್‌ಜಲ್ದಿ ಎಂಬುದು ಬೆಟ್ಟದಿಂದ ಬೆಟ್ಟಕ್ಕೆ ವೈರ್‌ಲೆಸ್ ಹಾಕಿ ಬೆಳೆಯಿತು. ನಮ್ಮ ಬೆಟ್ಟಗಳು ಅದಕ್ಕಿಂತ ಕಡಿಮೆಯಲ್ಲ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಫೈಬರ್ ಹಾಕುವ ಯೋಜನೆ 2011ರಿಂದ ಇದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅದು ಜೀವಂತವಾಗಿದ್ದರೆ ಅಲ್ಲಿ ಒಂದು ಪಿಎಂ-ವಾಣಿ ವೈಫೈ ಹಾಕಿಸಲು ಗ್ರಾಮಸಭೆಯಲ್ಲಿ ಕೇಳಿ. ಮನೆಯವರ ಔದಾರ್ಯದ ಮೇಲೇ ಮಕ್ಕಳ ಓದು ನಿಲ್ಲಬಾರದು.

ಕಾನ್ಮನೆ

ಎಲ್ಲರಿಗೂ ಕೈ ಮುಗಿದೆ. ಹೀಗೆ ತೀರ್ಮಾನ ಮಾಡಿದ್ದೇವೆ. ಕೆಳಗಿನ ಮನೆಯವರು ಫೈಬರ್‌ಗೆ ಒಪ್ಪಿದರು, ಅಗೆಯೋ ಕೆಲಸ ಎರಡೂ ಮನೆಯವರದ್ದು, ಕನೆಕ್ಷನ್ ಅವರ ಹೆಸರಿಗೆ. ಆಪರೇಟರ್‌ಗೆ ಫೋನ್ ಮಾಡಿ ಕೇಳಿದೆ, ಕೇಬಲ್ ನಿಮ್ಮದಾದರೆ ಕೊಡ್ತೇವೆ ಅಂದರು. ಮೇಲಿನ ಮನೆಗೆ ರೇಡಿಯೋ, ದುಡ್ಡು ತಗೊಳ್ಳಲ್ಲ, ಆಪರೇಟರ್‌ಗೆ ಹೇಳಿಯೇ ಹಾಕೋದು. ಸಾಮಾನಿನ ಖರ್ಚು ಅವರ ಮಗ ಕೊಡ್ತಾನಂತೆ.

ಎರಡು ಪ್ರಶ್ನೆ ಉಳಿದಿದೆ. ರೇಡಿಯೋ ಮುಖ ಸರಿ ಕೂರಿಸೋದು ಹೇಗೆ? ಫೈಬರ್ ಕೇಬಲ್ ಎಷ್ಟು ಕೋರ್ (ಒಳಗಿನ ಗಾಜಿನ ಎಳೆ) ಇರೋದು ತರಬೇಕು?

ಗುಡ್ಡದತುದಿ

ಮೊದಲು ಎರಡನ್ನೂ ಮನೆಯೊಳಗೆ ಮೇಜಿನ ಮೇಲೆ ಇಟ್ಟು ಜೋಡಿಸಿ. ಒಂದು ಆ್ಯಕ್ಸೆಸ್ ಪಾಯಿಂಟ್ (ಕೊಡೋದು, ನಿಮ್ಮ ಕಡೆಗೆ), ಒಂದು ಕ್ಲೈಂಟ್ (ತಗೊಳ್ಳೋದು, ಅವರ ಕಡೆಗೆ). ಬಾಕ್ಸ್‌ನಲ್ಲಿ ಬಂದ ಪಾಸ್‌ವರ್ಡ್ ಬದಲಿಸಿ, ನಡುವಿನ ಲಿಂಕ್‌ಗೂ ಡಬ್ಲ್ಯುಪಿಎ2 ಪಾಸ್‌ವರ್ಡ್ ರಕ್ಷಣೆ ಹಾಕಿ. ಚಾನೆಲ್ 5.8ರ ಭಾಗದಲ್ಲಿ ಇರಲಿ. 5.3, 5.5ರ ಹತ್ತಿರದ ಚಾನೆಲ್‌ಗಳಲ್ಲಿ ರೇಡಾರ್ ಕಂಡರೆ ಜಾಗ ಬಿಟ್ಟುಕೊಡಬೇಕು ಅನ್ನೋ ನಿಯಮ ಇರುತ್ತೆ, ಲಿಂಕ್ ಆಗಾಗ ಕಡಿಯುತ್ತೆ. ಚಾನೆಲ್ ಅಗಲ 40 ಮೆಗಾಹರ್ಟ್ಸ್ ಬೇಡ, 20 ಸಾಕು. ವೇಗ ಸ್ವಲ್ಪ ಕಡಿಮೆ, ಆದರೆ ಗಟ್ಟಿಯಾಗಿ ನಿಲ್ಲುತ್ತೆ.

ಆಮೇಲೆ ಮಾಡಿಗೆ. ಎರಡೂ ಕಡೆ ಒಬ್ಬೊಬ್ಬರು, ಟಾರ್ಚ್ ಸನ್ನೆಯಲ್ಲಿ ಮಾತಾಡ್ತಾ. ಒಬ್ಬರು ಅಲುಗಾಡಿಸದೆ ಇಡಿ, ಇನ್ನೊಬ್ಬರು ನಿಧಾನಕ್ಕೆ ಎಡ ಬಲ ತಿರುಗಿಸಿ, ಸಿಗ್ನಲ್ ನಂಬರ್ ಏರಿ ಮತ್ತೆ ಇಳಿಯೋಕೆ ಶುರುವಾಗೋವರೆಗೂ ಹೋಗಿ ವಾಪಸ್ ಬನ್ನಿ. ಆಮೇಲೆ ಮೇಲೆ ಕೆಳಗೆ, ಯಾಕಂದ್ರೆ ಅವರು ಗುಡ್ಡದ ಮೇಲಿದ್ದಾರೆ, ನಿಮ್ಮದು ಸ್ವಲ್ಪ ಆಕಾಶ ನೋಡಬೇಕು, ಅವರದ್ದು ಸ್ವಲ್ಪ ನೆಲ ನೋಡಬೇಕು. ಅದು ಮುಗಿದ ಮೇಲೆ ಆ ಕಡೆಯವರು ಇದೇ ಮಾಡಲಿ. ಮೈನಸ್ 55ರಿಂದ 62 ಒಳಗೆ ಬಂದರೆ ಬೋಲ್ಟ್ ಬಿಗಿ ಮಾಡಿ. ಮೈನಸ್ 70ಕ್ಕೇ ನಿಂತರೆ ಮುಖ ಬೇರೆ ಕಡೆ ಇದೆ ಅಥವಾ ಗೆರೆಗೆ ಏನೋ ಅಡ್ಡ ಇದೆ. ಬಿಗಿ ಮಾಡಿದ ಮೇಲೆ ಪೈಪಿನ ಮೇಲೆ ಪೇಂಟಲ್ಲಿ ಗುರುತು ಎಳೀರಿ. ಆಷಾಢದ ಗಾಳಿಗೆ ತಿರುಗಿದರೆ ಅದೇ ಗುರುತಿಗೆ ಮತ್ತೆ ತರಬಹುದು.

ಜೋಡುಕಂಬ, ಸಾಗರ

ಎರಡು ಕೋರ್ ತನ್ನಿ. ಒಂದು ಕೆಲಸಕ್ಕೆ, ಒಂದು ಮುಂದೆ ಕೆಟ್ಟರೆ ಇರಲಿ. 400 ಮೀಟರ್ ಅಂದರೆ 500 ಮೀಟರಿನ ರೋಲ್ ತಗೊಳ್ಳಿ, ನೆಲದ ಏರಿಳಿತಕ್ಕೆ, ಸುತ್ತು ಹಾಕಿ ಹೋಗೋಕೆ ಅಷ್ಟು ಬೇಕಾಗುತ್ತೆ. ನಡುವೆ ಜಾಯಿಂಟ್ ಬೇಡ, ಒಂದೇ ತುಂಡು. ತಿರುವಿನಲ್ಲಿ ಕೈಯಗಲ ದುಂಡಗೆ ಬಾಗಿಸಿ, ಮಡಚಬೇಡಿ. ಎರಡೂ ತುದಿಯಲ್ಲಿ ಐದೈದು ಮೀಟರ್ ಸುರುಳಿ ಸುತ್ತಿ ಬಿಡಿ, ತುದಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ, ನೀರು ಇಳೀಬಾರದು. ಮಣ್ಣು ಮುಚ್ಚೋಕೆ ಮುಂಚೆ ಆಪರೇಟರ್ ಹುಡುಗರನ್ನ ಕರೆಸಿ ಒಂದು ಸಲ ಲೈಟ್ ಬಿಟ್ಟು ಪವರ್ ಮೀಟರ್‌ನಲ್ಲಿ ನೋಡಿಸ್ಕೊಳ್ಳಿ.